ವಾಟರ್ ಪಾರ್ಕಿಗೆ ಧಾರಾಳವಾಗಿ ಹೋಗೋಣ, ತಿಳಿದುಕೊಂಡು ಹೋಗೋಣ

ಬೇಸಿಗೆ ರಜೆ ಬಂತೆಂದರೆ ನಮ್ಮ ಹಿರಿಯೂರು, ಚಳ್ಳಕೆರೆ ಕಡೆಯ ಹಳ್ಳಿಗಳಿಂದ ಟಿಟಿ ಗಾಡಿಗಳು ಬೆಳಗಿನ ಜಾವ ನಾಲ್ಕಕ್ಕೆಲ್ಲ ಬೆಂಗಳೂರು ದಿಕ್ಕಿಗೆ ಹೊರಡುತ್ತವೆ. ಹಿಂದೆ ಇವೇ ಗಾಡಿಗಳು ಧರ್ಮಸ್ಥಳ, ಮಂತ್ರಾಲಯ, ಮಾದಪ್ಪನ ಬೆಟ್ಟ ಅಂತ ಹೋಗುತ್ತಿದ್ದವು. ಈಗ ಆ ಪಟ್ಟಿಗೆ ವಾಟರ್ ಪಾರ್ಕೂ ಸೇರಿದೆ. ಬಿಡದಿ ಹತ್ತಿರದ ವಂಡರ್‌ಲಾ 2005ರಲ್ಲಿ ಶುರುವಾದಾಗ ಅದು ಬೆಂಗಳೂರಿನ ಐಟಿ ಮಂದಿಗೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಈಗ ಅಲ್ಲಿಗೂ, ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿಗೂ, ಮಂಗಳೂರಿನ ಪಿಲಿಕುಳದಲ್ಲಿರುವ ಮಾನಸ ಪಾರ್ಕಿಗೂ ಶೇಂಗಾ ಬೆಳೆಯುವವರು, ಗಾರ್ಮೆಂಟ್ಸಿಗೆ ಹೋಗುವವರು, ಅಂಗನವಾಡಿ ಸಹಾಯಕಿಯರು ಎಲ್ಲರೂ ಹೋಗುತ್ತಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆಯೂ ತಪ್ಪಿದೆ.

ಇದನ್ನು ಆಡಿಕೊಳ್ಳುವವರು ನಮ್ಮೂರುಗಳಲ್ಲಿ ಕಮ್ಮಿ ಇಲ್ಲ. "ಇಲ್ಲಿ ಟ್ಯಾಂಕರ್ ನೀರಿಗೆ ಕೊಡ ಹಿಡ್ಕೊಂಡು ನಿಲ್ಲೋರು, ಅಲ್ಲಿ ಸಾವಿರಾರು ರೂಪಾಯಿ ಕೊಟ್ಟು ನೀರಾಟ ಆಡ್ತಾರಂತೆ" ಅನ್ನುವ ಮಾತು ಅರಳಿಕಟ್ಟೆಯಲ್ಲಿ ಕೇಳಿಬರುತ್ತದೆ. ನಮಗೆ ಇದರಲ್ಲಿ ನ್ಯಾಯ ಕಾಣುವುದಿಲ್ಲ. ವರ್ಷವಿಡೀ ನೀರು ಹೊತ್ತವರಿಗೇ ಒಂದು ದಿನ ನೀರಿನಲ್ಲಿ ಆಡುವ ಆಸೆ ಹೆಚ್ಚಿರುತ್ತದೆ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಾಗ ಇಡೀ ಜಿಲ್ಲೆಯೇ ಮಾರಿಕಣಿವೆಗೆ ಹೋಗಿ ನಿಂತಿತ್ತಲ್ಲ, ಅದೂ ಇದೇ ಆಸೆ. ಪಾರ್ಕಿನ ಕೊಳದ ನೀರನ್ನು ದಿನಾ ಚೆಲ್ಲಿ ಹೊಸದು ತುಂಬುವುದಿಲ್ಲ, ಸೋಸಿ, ಕ್ಲೋರಿನ್ ಹಾಕಿ ಅದನ್ನೇ ತಿರುಗಿಸಿ ಬಳಸುತ್ತಾರೆ. ನೀರಿನ ಲೆಕ್ಕ ಕೇಳುವುದೇ ಆದರೆ ಪಾರ್ಕ್ ನಡೆಸುವವರನ್ನು ಕೇಳಬೇಕು, ವರ್ಷಕ್ಕೊಮ್ಮೆ ಹೋಗಿಬರುವ ಕೂಲಿಕಾರರನ್ನಲ್ಲ.

ನಮ್ಮ ತಕರಾರು ಬೇರೆಯೇ ಇದೆ. ಮೊದಲ ಸಲ ಹೋಗುವವರಿಗೆ ಅಲ್ಲಿ ಏನಿರುತ್ತದೆ, ಏನು ಒಯ್ಯಬೇಕು, ಏನು ಬಿಡಬೇಕು ಎಂದು ಯಾರೂ ಹೇಳುವುದಿಲ್ಲ. ರೀಲ್ಸಿನಲ್ಲಿ ಅಲೆ ಕಾಣುತ್ತದೆ, ಜಾರುಬಂಡೆ ಕಾಣುತ್ತದೆ, ಡಿಜೆ ಹಾಕಿದ ರೇನ್ ಡಾನ್ಸ್ ಕಾಣುತ್ತದೆ. ಗೇಟಿನಲ್ಲಿ ಬುತ್ತಿ ತೆಗೆದಿಡಿಸುವುದು, ಬಟ್ಟೆ ನೋಡಿ ವಾಪಸ್ ಕಳಿಸುವುದು, ಮಗುವಿನ ಎತ್ತರ ಅಳೆಯುವುದು ಕಾಣುವುದಿಲ್ಲ. ನಗರದವರಿಗೆ ಇದೆಲ್ಲ ಗೊತ್ತಿರುತ್ತದೆ, ಗೊತ್ತಿಲ್ಲದಿದ್ದರೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಓದಿಕೊಳ್ಳುತ್ತಾರೆ. ಗೊತ್ತಿಲ್ಲದೆ ಹೋದವರು ದುಡ್ಡೂ ಕಳೆದುಕೊಳ್ಳುತ್ತಾರೆ, ಹತ್ತು ಜನರೆದುರು ಮುಜುಗರವನ್ನೂ ಪಡುತ್ತಾರೆ. ಕೆಲವೊಮ್ಮೆ ಮಕ್ಕಳ ಜೀವಕ್ಕೇ ಅಪಾಯ. ಹಾಗಾಗಿ ಈ ಬರಹ.

ಮೊದಲು ದುಡ್ಡಿನ ಲೆಕ್ಕ

ದೊಡ್ಡ ಪಾರ್ಕುಗಳಲ್ಲಿ ದೊಡ್ಡವರ ಟಿಕೆಟ್ ಒಂದಕ್ಕೆ ಸಾವಿರ ರೂಪಾಯಿ ದಾಟುತ್ತದೆ. ಅದರ ಮೇಲೆ ಜಿಎಸ್‌ಟಿ. 2018ರ ಜನವರಿಯಲ್ಲಿ ಇದನ್ನು ಶೇ 28ರಿಂದ ಶೇ 18ಕ್ಕೆ ಇಳಿಸಿದರು, ಆದರೂ ಕಡಿಮೆಯೇನಲ್ಲ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ನಾಲ್ಕು ಜನರ ಸಂಸಾರ ಒಳಗೆ ಕಾಲಿಡುವುದಕ್ಕೇ ಒಬ್ಬರ ಹತ್ತು ಹನ್ನೊಂದು ದಿನದ ಕೂಲಿ ಬೇಕು. ಒಳಗೆ ಹೋದ ಮೇಲೆ ಲಾಕರ್ ಬಾಡಿಗೆ, ಬಟ್ಟೆ, ಊಟ, ಮಕ್ಕಳ ಐಸ್‌ಕ್ರೀಮ್ ಬೇರೆ. ಟಿಕೆಟ್ ದುಡ್ಡಿನ ಅರ್ಧದಷ್ಟನ್ನಾದರೂ ಇವಕ್ಕೆಂದು ಎತ್ತಿಟ್ಟುಕೊಂಡು ಹೊರಡಿ. ಅಷ್ಟು ಹೊಂದದಿದ್ದರೆ ಇನ್ನೊಂದು ವರ್ಷ ಬಿಟ್ಟು ಹೋದರೂ ಪಾರ್ಕ್ ಅಲ್ಲೇ ಇರುತ್ತದೆ. ಇದಕ್ಕಾಗಿ ಸಂಘದಲ್ಲಿ ಸಾಲ ಎತ್ತಬೇಡಿ.

ಖರ್ಚು ಇಳಿಸುವ ದಾರಿಗಳಿವೆ. ಶನಿವಾರ, ಭಾನುವಾರ, ಹಬ್ಬದ ರಜೆಗಳಲ್ಲಿ ದರವೂ ಹೆಚ್ಚು, ಜನವೂ ಹೆಚ್ಚು. ಭಾನುವಾರ ಒಂದು ಜಾರುಬಂಡೆಗೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತರೆ ಇಡೀ ದಿನಕ್ಕೆ ಆರೇಳು ಆಟ ಆದರೆ ಹೆಚ್ಚು. ಅದೇ ಮಂಗಳವಾರವೋ ಬುಧವಾರವೋ ಹೋದರೆ ಹದಿನೈದು ಆಟ ಆಡಬಹುದು. ಕೂಲಿ ಮಾಡುವವರಿಗೆ, ಬೇಸಾಯಗಾರರಿಗೆ ವಾರದ ನಡುವೆ ಬಿಡುವು ಮಾಡಿಕೊಳ್ಳುವುದು ಆಫೀಸಿನವರಿಗಿಂತ ಸುಲಭ. ಈ ಒಂದು ವಿಷಯದಲ್ಲಿ ನಾವೇ ಮೇಲು.

ಮಕ್ಕಳ ಟಿಕೆಟ್ಟನ್ನು ಅನೇಕ ಪಾರ್ಕುಗಳಲ್ಲಿ ವಯಸ್ಸು ಕೇಳಿ ಕೊಡುವುದಿಲ್ಲ, ಎತ್ತರ ಅಳೆದು ಕೊಡುತ್ತಾರೆ. ಆಧಾರ್ ಕಾರ್ಡ್ ತೋರಿಸಿ "ಇವನಿಗಿನ್ನೂ ಹತ್ತು ವರ್ಷ" ಎಂದು ವಾದ ಮಾಡಿ ಉಪಯೋಗವಿಲ್ಲ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಟೇಪಿನಲ್ಲಿ ಅಳೆದುಕೊಂಡು, ಪಾರ್ಕಿಗೆ ಫೋನ್ ಮಾಡಿ ಕೇಳಿ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಒರಿಜಿನಲ್ ಐಡಿ ಕಾರ್ಡ್ ತೋರಿಸಿದರೆ ರಿಯಾಯಿತಿ ಇದೆಯೇ ಎಂದೂ ಅದೇ ಫೋನಿನಲ್ಲಿ ಕೇಳಿ. ಮುಂಗಡ ಬುಕಿಂಗ್ ಮಾಡುವುದಾದರೆ ಪಾರ್ಕಿನ ಸ್ವಂತ ವೆಬ್‌ಸೈಟಿನಲ್ಲೇ ಮಾಡಿ. ವಾಟ್ಸಾಪಿಗೆ ಬರುವ "ಒಂದಕ್ಕೊಂದು ಫ್ರೀ" ಲಿಂಕುಗಳನ್ನು ಒತ್ತಬೇಡಿ.

ದಾರಿಯ ವಿಷಯ. ಬಿಡದಿ ಕಡೆ ಹೋಗುವವರು ನೆನಪಿಡಬೇಕಾದ್ದು, 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಓಡಿಸುವಂತಿಲ್ಲ. ಅವಕ್ಕೆ ಪಕ್ಕದ ಸರ್ವಿಸ್ ರಸ್ತೆಯೇ ಗತಿ. ತುಮಕೂರು ಕಡೆಯಿಂದ ಗಾಡಿಯಲ್ಲಿ ಬರುವವರು ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಸೇರಬಹುದು, ಅಲ್ಲಿ ಟೋಲ್ ಬೇರೆ ಕಟ್ಟಬೇಕು. ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳು ಗುರುತಿನ ಚೀಟಿ ಮರೆಯದಿರಿ, ರಾಜಹಂಸ, ಐರಾವತಕ್ಕೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ.

ಬಟ್ಟೆಯ ವಿಷಯ ನಾಚಿಕೆ ಬಿಟ್ಟು ಮಾತಾಡೋಣ

ಮೊದಲ ಸಲ ಹೋದವರಿಗೆ ಅತಿ ಹೆಚ್ಚು ಪೇಚಾಟ ಆಗುವುದು ಬಟ್ಟೆಯಿಂದ. ನಮ್ಮ ತಾಲ್ಲೂಕಿನ ಒಂದು ಸಂಘದ ಹದಿನೆಂಟು ಜನ ಹೆಣ್ಣುಮಕ್ಕಳು ಕಳೆದ ವರ್ಷ ಒಂದು ಪಾರ್ಕಿಗೆ ಹೋಗಿದ್ದರು. ಎಲ್ಲರೂ ಸೀರೆ ಉಟ್ಟೇ ಹೋದವರು. ನೀರಿಗೆ ಇಳಿಯುವ ಜಾಗದಲ್ಲಿ ನಿಂತ ಹುಡುಗಿ ಸೀರೆ, ಕಾಟನ್ ಚೂಡಿದಾರ್ ಎರಡೂ ಆಗಲ್ಲ ಅಂದಳು. ಅಲ್ಲೇ ಅಂಗಡಿಯಲ್ಲಿ ಕಾಸ್ಟ್ಯೂಮ್ ಕೊಳ್ಳಬೇಕು, ಇಲ್ಲವೆ ಬಾಡಿಗೆಗೆ ತಗೋಬೇಕು. ವಯಸ್ಸಾದ ಏಳು ಜನ ಬೇಡವೆಂದು ಸಂಜೆವರೆಗೆ ಮರದ ಕೆಳಗೇ ಕೂತರು. ಅವರಲ್ಲೊಬ್ಬರ ಸೊಸೆ ನಮಗೆ ಹೇಳಿದ್ದು ಹೀಗೆ:

"ನಾನು 'ಬನ್ರಿ ಅತ್ತೆ, ಕಾಲಾದ್ರೂ ನೆನೆಸ್ಕೊಳ್ರಿ' ಅಂತ ಎಷ್ಟು ಕರೆದ್ರೂ ಅವ್ರು ಏಳ್ಲಿಲ್ಲ. 'ನೀನು ಹೋಗಮ್ಮ, ಬ್ಯಾಗು ನೋಡ್ಕೊಳಾಕೆ ಒಬ್ರು ಬೇಕಲ್ಲ' ಅಂದ್ರು. ಟಿಕೇಟಿಗೆ ಅವ್ರೂ ನಮ್ಮಷ್ಟೇ ದುಡ್ಡು ಕೊಟ್ಟಿದ್ರು."

ಕೊನೆಯ ಮಾತು ನಮ್ಮನ್ನು ಬಹಳ ದಿನ ಕಾಡಿತು. ಸಂಘದಲ್ಲಿ ವಾರವಾರ ಕಟ್ಟಿ ಉಳಿಸಿದ ದುಡ್ಡು ಅದು.

ಈ ನಿಯಮ ಸುಮ್ಮನೆ ಮಾಡಿದ್ದಲ್ಲ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಮೈಗೆ ಸುತ್ತಿಕೊಳ್ಳುತ್ತದೆ, ಎಳೆ ಬಿಟ್ಟು ನೀರು ಸೋಸುವ ಫಿಲ್ಟರಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಸೀರೆಯ ಸೆರಗು, ದುಪಟ್ಟಾ, ಲುಂಗಿ ಜಾರುಬಂಡೆಯ ಸಂದಿಗೆ ಸಿಕ್ಕಿಕೊಂಡರೆ ಕತ್ತಿಗೋ ಕಾಲಿಗೋ ಕುತ್ತು. ಜೀನ್ಸ್ ಪ್ಯಾಂಟಿನ ಗುಂಡಿ, ಜಿಪ್ಪು ಜಾರುಬಂಡೆಯನ್ನು ಗೀರುತ್ತವೆ. ಇಷ್ಟು ಕಾರಣ ಹೇಳಿದರೆ ಯಾವ ಅಜ್ಜಿಗಾದರೂ ಅರ್ಥವಾಗುತ್ತದೆ. ಕಾರಣ ಹೇಳದೆ "ಅಲೋಡ್ ಇಲ್ಲ" ಅಂದಾಗ ಮಾತ್ರ ಅದು ಅವಮಾನದಂತೆ ಕೇಳಿಸುತ್ತದೆ.

ಪರಿಹಾರ ಕಷ್ಟವಿಲ್ಲ. ನೈಲಾನ್ ಅಥವಾ ಲೈಕ್ರಾ ಬಟ್ಟೆ ಇರಬೇಕು ಅಷ್ಟೆ, ಮೈ ಕಾಣುವ ಬಟ್ಟೆಯೇ ಆಗಬೇಕೆಂದಿಲ್ಲ. ಮುಂಗೈವರೆಗೆ ತೋಳು, ಪಾದದವರೆಗೆ ಪ್ಯಾಂಟು ಇರುವ ಈಜುಡುಗೆ ಹೆಂಗಸರಿಗೆ ಸಿಗುತ್ತದೆ. ತಲೆ ಮುಚ್ಚಿಕೊಳ್ಳುವ ರೂಢಿ ಇರುವವರಿಗೆ ಟೊಪ್ಪಿ ಸೇರಿದ ಉಡುಗೆಯೂ ಇದೆ. ಚಿತ್ರದುರ್ಗ, ದಾವಣಗೆರೆಯ ಸ್ಪೋರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಿ ಮೊದಲೇ ಕೊಂಡು, ಮನೆಯಲ್ಲಿ ಒಮ್ಮೆ ಹಾಕಿ ನೋಡಿ. ಪಾರ್ಕಿನ ಅಂಗಡಿಯಲ್ಲಿ ಅವಸರಕ್ಕೆ ಸಿಕ್ಕ ಅಳತೆ ಕೊಳ್ಳುವುದಕ್ಕಿಂತ ಇದು ವಾಸಿ. ಗಂಡಸರಿಗೆ ನೈಲಾನ್ ಚಡ್ಡಿ, ಟೀ ಶರ್ಟ್ ಸಾಕು. ಬನಿಯನ್ನು, ಪಟಾಪಟಿ ಚಡ್ಡಿಯಲ್ಲಿ ಇಳಿಯುತ್ತೇನೆಂದರೆ ಅವರನ್ನೂ ಬಿಡುವುದಿಲ್ಲ. ವಾಪಸ್ ಬರುವಾಗ ಹಾಕಿಕೊಳ್ಳಲು ಒಣ ಬಟ್ಟೆ, ಒಳಉಡುಪು, ಎರಡು ಟವೆಲ್, ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ.

ಮುಟ್ಟಿನ ದಿನ ಬಂದರೆ ಏನು ಮಾಡುವುದು ಎಂದು ಹೆಣ್ಣುಮಕ್ಕಳು ಕೇಳಲು ಹಿಂಜರಿಯುತ್ತಾರೆ. ಪ್ಯಾಡ್ ಕಟ್ಟಿಕೊಂಡು ನೀರಿಗೆ ಇಳಿದರೆ ಅದು ನೀರು ಹೀರಿ ಉಬ್ಬುತ್ತದೆ, ಉಪಯೋಗಕ್ಕೆ ಬಾರದು. ಕಪ್ ಬಳಸಿ ರೂಢಿಯಿದ್ದವರಿಗೆ ತೊಂದರೆಯಿಲ್ಲ. ಉಳಿದವರು ದಿನ ನೋಡಿಕೊಂಡು ಹೊರಡುವುದು ಮೇಲು. ಗುಂಪಿನಲ್ಲಿ ಹೋಗುವಾಗ ದಿನ ಗೊತ್ತು ಮಾಡುವ ಕೆಲಸವನ್ನು ಗಂಡಸರಿಗೆ ಬಿಡಬೇಡಿ.

ಒಡವೆ ಮನೆಯಲ್ಲೇ ಇರಲಿ. ಜಾರುಬಂಡೆಯಿಂದ ರಭಸವಾಗಿ ನೀರಿಗೆ ಬಿದ್ದಾಗ ಓಲೆ, ಸರ, ಕಾಲುಂಗುರ ಬಿಚ್ಚಿಹೋದರೆ ಆ ನೀರಿನಲ್ಲಿ ಹುಡುಕುವುದು ಆಗದ ಮಾತು. ತಾಳಿ ತೆಗೆಯಲು ಮನಸ್ಸು ಒಪ್ಪದವರು ಚಿನ್ನದ ಸರ ಮನೆಯಲ್ಲಿಟ್ಟು ಆ ದಿನದ ಮಟ್ಟಿಗೆ ಅರಿಶಿನ ದಾರ ಹಾಕಿಕೊಂಡು, ಅದನ್ನು ಬಟ್ಟೆಯೊಳಗೆ ಸೇರಿಸಿಕೊಳ್ಳಬಹುದು. ಹೇರ್‌ಪಿನ್ನು, ಸೇಫ್ಟಿ ಪಿನ್ನು, ಗಾಜಿನ ಬಳೆ ನೀರಿಗೆ ಬೇಡವೇ ಬೇಡ. ನಿಮಗಷ್ಟೇ ಅಲ್ಲ, ಬರಿಗಾಲಲ್ಲಿ ಓಡಾಡುವ ಮಕ್ಕಳಿಗೂ ಚುಚ್ಚುತ್ತದೆ.

ಬುತ್ತಿ, ಬಿಸಿಲು, ನೀರು

ಹೊರಗಿನ ಊಟ ಬಹುತೇಕ ಪಾರ್ಕುಗಳಲ್ಲಿ ಒಳಗೆ ಬಿಡುವುದಿಲ್ಲ. ಹಾಲು ಕುಡಿಯುವ ಕೂಸಿನ ಆಹಾರ, ಔಷಧಿ ಬಿಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿದ ಚಿತ್ರಾನ್ನ, ರೊಟ್ಟಿ, ಶೇಂಗಾ ಚಟ್ನಿಯನ್ನು ಗೇಟಿನಲ್ಲಿ ಬಿಟ್ಟುಹೋಗುವ ಸಂಕಟ ಬೇಡ. ಬುತ್ತಿ ಒಯ್ಯಿರಿ, ಆದರೆ ಬೆಳಿಗ್ಗೆ ಒಳಗೆ ಹೋಗುವ ಮುಂಚೆ ಅರ್ಧ, ಸಂಜೆ ಹೊರಗೆ ಬಂದ ಮೇಲೆ ಅರ್ಧ ತಿನ್ನುವ ಹಾಗೆ ಲೆಕ್ಕ ಹಾಕಿ. ಸಂಜೆಗೆ ರೊಟ್ಟಿ, ಚಟ್ನಿಪುಡಿ, ಮಂಡಕ್ಕಿ ಕೆಡುವುದಿಲ್ಲ. ಬೇಸಿಗೆಯಲ್ಲಿ ಗಾಡಿಯೊಳಗೆ ಇಟ್ಟ ಚಿತ್ರಾನ್ನ, ಮೊಸರನ್ನ ಹಳಸುತ್ತದೆ. ಮಧ್ಯಾಹ್ನದ ಒಂದು ಹೊತ್ತು ಒಳಗೆ ಕೊಂಡು ತಿಂದರೆ ಸಾಕಾಗುತ್ತದೆ. ಹೊಟ್ಟೆ ಬಿರಿಯ ಉಂಡು ಸೀದಾ ಜಾರುಬಂಡೆ ಹತ್ತಬೇಡಿ.

ದಿನವೆಲ್ಲ ನೀರಿನಲ್ಲಿದ್ದರೂ ಬಾಯಾರಿಕೆಯಿಂದ ಸುಸ್ತಾಗುವುದುಂಟು. ಮೈ ತಂಪಾಗಿರುವುದರಿಂದ ಬಿಸಿಲು ತಟ್ಟಿದ್ದು ಗೊತ್ತಾಗುವುದಿಲ್ಲ. ಗಂಟೆಗೊಮ್ಮೆ ಮಕ್ಕಳನ್ನು ಮೇಲೆ ಕರೆದು ನೀರು ಕುಡಿಸಿ. ಆರೋಗ್ಯ ಕೇಂದ್ರದಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ಎರಡು ಜೇಬಿನಲ್ಲಿರಲಿ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನೆರಳಿನ ಆಟ ಆಡಿ, ನೆಲ ಕಾದಿರುತ್ತದೆ, ರಬ್ಬರ್ ಚಪ್ಪಲಿ ಬೇಕಾಗುತ್ತದೆ.

ಆ ನೀರನ್ನು ಕುಡಿಯಬಾರದು ಎಂದು ಮಕ್ಕಳಿಗೆ ಹತ್ತು ಸಲ ಹೇಳಿ. ಕ್ಲೋರಿನ್ ಹಾಕಿದ ನೀರಿನಲ್ಲೂ ಕ್ರಿಪ್ಟೊಸ್ಪೊರಿಡಿಯಂ ಎಂಬ, ಭೇದಿ ತರುವ ಸೂಕ್ಷ್ಮಜೀವಿ ಒಂದು ವಾರಕ್ಕೂ ಮೇಲ್ಪಟ್ಟು ಬದುಕಬಲ್ಲದು. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಭೇದಿ ಇದ್ದರೆ ಆ ವಾರ ಪ್ರವಾಸ ಮುಂದೂಡಿ. ಟಿಕೆಟ್ ದುಡ್ಡು ಹೋದರೂ ಸರಿ, ಇನ್ನೊಬ್ಬರ ಮಕ್ಕಳಿಗೆ ಅಂಟಿಸಬಾರದು. ನೀರಿನಲ್ಲೇ ಉಚ್ಚೆ ಹೊಯ್ಯುವ ಅಭ್ಯಾಸ ನಮ್ಮ ಕೆರೆ, ಕಾಲುವೆಯಿಂದ ಬಂದದ್ದು, ಅಲ್ಲಿ ಬೇಡ. ಕೊಳದಿಂದ ಎದ್ದಾಗ ಕಣ್ಣು ಕೆಂಪಾಗುವುದು ಬರೀ ಕ್ಲೋರಿನ್ನಿನಿಂದ ಅಂತ ತಿಳಿದಿದ್ದೇವೆ. ಕ್ಲೋರಿನ್ನು ಉಚ್ಚೆ, ಬೆವರಿನ ಜೊತೆ ಸೇರಿ ಆಗುವ ರಾಸಾಯನಿಕವೇ ಕಣ್ಣು ಉರಿಸುವುದು. ಇಳಿಯುವ ಮುಂಚೆ ಶವರಿನ ಕೆಳಗೆ ನಿಲ್ಲಿ ಎಂದು ಹೇಳುವುದು ಇದಕ್ಕೇ. ತಲೆಗೆ ಹರಳೆಣ್ಣೆ, ಕೊಬ್ಬರಿ ಎಣ್ಣೆ ಮೆತ್ತಿಕೊಂಡು ಇಳಿಯುವುದೂ ಸರಿಯಲ್ಲ.

ಮಕ್ಕಳ ವಿಷಯದಲ್ಲಿ ರಾಜಿ ಬೇಡ

ಇದು ಈ ಬರಹದ ಮುಖ್ಯ ಮಾತು. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ "ಕಾಪಾಡಿ" ಎಂದು ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗಲು ಸಾಧ್ಯವೂ ಇಲ್ಲ. ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಅದುಮುತ್ತಿರುತ್ತವೆ, ತಲೆ ಹಿಂದಕ್ಕೆ ವಾಲಿರುತ್ತದೆ, ನೋಡುವವರಿಗೆ ಆಡುತ್ತಿದೆ ಅನಿಸುತ್ತದೆ. 20ರಿಂದ 60 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಪಕ್ಕದಲ್ಲೇ ನಿಂತು ಸೆಲ್ಫಿ ತೆಗೆದುಕೊಳ್ಳುವಷ್ಟು ಹೊತ್ತು.

ಆದ್ದರಿಂದ ಈಜು ಬಾರದ ಮಗು ನೀರಿನಲ್ಲಿದ್ದಾಗ ದೊಡ್ಡವರೊಬ್ಬರು ಕೈಗೆಟಕುವ ದೂರದಲ್ಲೇ ಇರಬೇಕು, ದಡದಲ್ಲಲ್ಲ. ನೀರು ಮೊಣಕಾಲಿನವರೆಗೆ ಮಾತ್ರ ಇದ್ದರೂ ಅಷ್ಟೆ. "ಎಲ್ಲರೂ ನೋಡ್ತಾ ಇದೀವಲ್ಲ" ಅಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಅರ್ಧ ಗಂಟೆ ಅಪ್ಪ, ಅರ್ಧ ಗಂಟೆ ಚಿಕ್ಕಪ್ಪ ಎಂದು ಪಾಳಿ ಹಾಕಿಕೊಳ್ಳಿ. ಪಾಳಿಯಲ್ಲಿರುವವರ ಕೈಯಲ್ಲಿ ಫೋನ್ ಇರಬಾರದು. ಕುಡಿದವರಿಗೆ ಪಾಳಿ ಕೊಡಬಾರದು, ಕುಡಿದವರು ನೀರಿಗೂ ಇಳಿಯಬಾರದು. ಗಾಳಿ ತುಂಬಿದ ಟ್ಯೂಬು ಆಟದ ಸಾಮಾನು, ಜೀವ ಉಳಿಸುವ ಸಾಧನವಲ್ಲ. ಚಿಕ್ಕ ಮಕ್ಕಳಿಗೆ ಪಾರ್ಕಿನಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಸಿ.

ಅಲೆ ಕೊಳದಲ್ಲಿ ಸೈರನ್ ಆದ ಕೂಡಲೇ ಜನ ಒಳಕ್ಕೆ ನುಗ್ಗುತ್ತಾರೆ. ಮಕ್ಕಳೊಂದಿಗೆ ಇರುವವರು ಮುಂದಕ್ಕೆ ಹೋಗದೆ ದಡದ ಕಡೆಯೇ ನಿಲ್ಲಿ. ಅಲೆಗಿಂತ ಹೆಚ್ಚಾಗಿ ಅಪಾಯ ತರುವುದು ಮೈಮೇಲೆ ಬೀಳುವ ಜನ. ಜಾರುಬಂಡೆಯಲ್ಲಿ ಕೈ ಎದೆಯ ಮೇಲೆ ಕಟ್ಟಿ, ಕಾಲು ಮುಂದಾಗಿ, ಹೇಳಿದ ಹಾಗೆ ಮಲಗಿ. ಮುಂದಿನವರು ಕೆಳಗಿಳಿದು ಪಕ್ಕಕ್ಕೆ ಸರಿದ ಮೇಲೆ, ಸಿಬ್ಬಂದಿ ಕೈ ತೋರಿಸಿದ ಮೇಲೆಯೇ ಜಾರಬೇಕು. ಗಂಡ ಹೆಂಡತಿ ಕೈ ಹಿಡಿದು ಒಟ್ಟಿಗೆ ಜಾರುವುದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಅದಕ್ಕೆಂದೇ ಮಾಡಿದ ಜಾರುಬಂಡೆಯಲ್ಲಿ ಮಾತ್ರ.

ಎತ್ತರದ ಕೋಲು ನೋಡಿ ಮಗುವನ್ನು ವಾಪಸ್ ಕಳಿಸಿದಾಗ "ಒಂದ್ಸಲ ಬಿಡಿ ಸಾರ್, ದೂರದಿಂದ ಬಂದೀವಿ" ಎಂದು ಗೋಗರೆಯುವುದು ನಮ್ಮ ಕಡೆಯವರ ಅಭ್ಯಾಸ. ಬಸ್ಸಿನಲ್ಲಿ, ಕಚೇರಿಯಲ್ಲಿ ಹಾಗೆ ಕೇಳಿಯೇ ನಮ್ಮ ಕೆಲಸಗಳು ಆಗುವುದು, ನಿಜ. ಆದರೆ ಇಲ್ಲಿ ಆ ಹುಡುಗ ಮನಸ್ಸು ಕರಗಿ ಬಿಟ್ಟರೆ ಅಪಾಯ ನಮ್ಮ ಮಗುವಿಗೇ. ಹಾಗೆಯೇ ಬಿಪಿ, ಹೃದಯದ ತೊಂದರೆ, ಫಿಟ್ಸ್ ಇರುವವರು, ಬಸುರಿಯರು, ಆಪರೇಷನ್ ಆದವರು ಮುಚ್ಚಿಟ್ಟು ಹತ್ತಬೇಡಿ.

ಒಳಗೆ ಹೋದ ಕೂಡಲೇ ಮಾಡಬೇಕಾದ್ದು ಎರಡು ಕೆಲಸ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಎಂದು ಒಂದು ಜಾಗ ತೋರಿಸುವುದು, ಲೈಫ್‌ಗಾರ್ಡಿನ ಬಟ್ಟೆಯ ಬಣ್ಣ ಮಕ್ಕಳಿಗೆ ಪರಿಚಯಿಸುವುದು. ಫೋನ್ ಲಾಕರಿನಲ್ಲಿದ್ದರೂ ಯಾರಾದರೂ ಒಬ್ಬರ ಫೋನ್ ಹೊರಗೆ ಕೂತವರ ಬಳಿ ಇರಲಿ, ಆ ನಂಬರನ್ನು ಮಗುವಿನ ತೋಳಿನ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆಯಿರಿ.

ಪಾರ್ಕಿನವರು ಮಾಡಬೇಕಾದ್ದು

ಇಷ್ಟೆಲ್ಲ ಬುದ್ಧಿಮಾತು ಹೋಗುವವರಿಗೆ ಮಾತ್ರ ಹೇಳಿದರೆ ಅದು ಅರ್ಧ ಮಾತಾಗುತ್ತದೆ. ಕರ್ನಾಟಕದಲ್ಲಿ ವ್ಯಾಪಾರ ಮಾಡುವ ಪಾರ್ಕುಗಳು ತಮ್ಮ ನಿಯಮಗಳನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಟಿಕೆಟ್ ಕೌಂಟರಿಗೆ ಬರುವ ಮುಂಚೆಯೇ ಕಾಣುವ ಹಾಗೆ ಹಾಕಬೇಕು. ಹಣ ಕಟ್ಟಿದ ಮೇಲೆ, ಒಳಗೆ ಬಂದ ಮೇಲೆ, ನೀರಿನ ಅಂಚಿನಲ್ಲಿ ಬಟ್ಟೆಯ ನಿಯಮ ಹೇಳುವುದು ವ್ಯಾಪಾರಧರ್ಮವಲ್ಲ. ಗುಂಪಿನ ಬುಕಿಂಗ್ ತೆಗೆದುಕೊಳ್ಳುವಾಗ ಫೋನಿನಲ್ಲಿ ಒಂದು ಕನ್ನಡ ಆಡಿಯೊ ಕಳಿಸುವುದಕ್ಕೆ ಏನು ಖರ್ಚು? ಓದು ಬಾರದವರಿಗೂ ಅದು ತಲುಪುತ್ತದೆ. ನೀರಿಗೆ ಇಳಿಯದೆ ಮೊಮ್ಮಕ್ಕಳನ್ನು ಕಾಯುತ್ತ ಕೂರುವ ಹಿರಿಯರಿಗೆ ಬೇರೆ, ಕಡಿಮೆ ದರದ ಟಿಕೆಟ್ ಯಾಕಿರಬಾರದು? ಬಟ್ಟೆ ಬದಲಿಸುವ ಕೋಣೆಗಳಿಗೆ ಚಿಲಕವಿರುವ ಬಾಗಿಲು, ಮೊಲೆಯೂಡುವ ತಾಯಂದಿರಿಗೆ ಮರೆ, ಇವು ಕೇಳದೆಯೇ ಇರಬೇಕಾದ ಸೌಕರ್ಯ.

ಶಾಲೆಗಳ ವಿಷಯವನ್ನೂ ಹೇಳಲೇಬೇಕು. ಡಿಸೆಂಬರ್, ಜನವರಿ ಬಂದರೆ ಪ್ರವಾಸದ ಕಾಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ಹುಡುಗಿಯರು ತೀರಿಹೋದರು. ಬಯಲುಸೀಮೆಯ ಮಕ್ಕಳು ಅವರು, ನಮ್ಮ ಮಕ್ಕಳ ಹಾಗೆಯೇ. ಮಕ್ಕಳನ್ನು ನೀರಿನ ಜಾಗಕ್ಕೆ ಒಯ್ಯುವ ಯಾವುದೇ ಶಾಲೆ, ಅದು ಕಡಲಾಗಲಿ ವಾಟರ್ ಪಾರ್ಕಾಗಲಿ, ಪೋಷಕರಿಗೆ ಮೊದಲೇ ಹೇಳಬೇಕು: ಎಷ್ಟು ಮಕ್ಕಳಿಗೆ ಎಷ್ಟು ಮೇಷ್ಟ್ರು, ಯಾರಿಗೆ ಈಜು ಬರುತ್ತದೆ, ಯಾರು ನೀರಿನೊಳಗೆ ನಿಂತು ಕಾಯುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಈ ಮೂರು ಪ್ರಶ್ನೆ ಕೇಳುವ ಹಕ್ಕು ಪ್ರತಿ ತಂದೆತಾಯಿಗೂ ಇದೆ. "ಏನೂ ಆಗಲ್ಲ ಬಿಡಿ" ಎಂಬುದು ಉತ್ತರವಲ್ಲ.

ಊರಿಗೆ ಬಂದ ಮೇಲೆ

ಪಾರ್ಕಿನಲ್ಲಿ ಲೈಫ್‌ಗಾರ್ಡ್ ಇದ್ದಾರೆ, ಸೀಟಿ ಇದೆ, ಎತ್ತರದ ಕೋಲಿದೆ. ನಮ್ಮೂರಿನ ಕೆರೆ, ಕಲ್ಲು ಕ್ವಾರಿ, ಚೆಕ್ ಡ್ಯಾಂ, ಕೃಷಿ ಹೊಂಡಗಳಲ್ಲಿ ಇದ್ಯಾವುದೂ ಇಲ್ಲ. "ಈಜಲು ಹೋದ ಬಾಲಕರು ನೀರುಪಾಲು" ಎಂಬ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯಲ್ಲೂ ಕಳಿಸುತ್ತೇವೆ, ಒಳಪುಟದಲ್ಲಿ ಒಂದು ಕಾಲಂ ಬರುತ್ತದೆ, ಮರುದಿನ ಮರೆತುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು.

2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ನಮ್ಮ ಹೊಲಗಳಲ್ಲಿ ಹೊಂಡಗಳಾದವು. ಮಳೆ ನೀರು ನಿಲ್ಲಿಸಿದ ಒಳ್ಳೆಯ ಯೋಜನೆ. ಆದರೆ ಟಾರ್ಪಾಲು ಹಾಸಿದ ಹೊಂಡದ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ಒಮ್ಮೆ ಒಳಗೆ ಜಾರಿದರೆ ಈಜು ಬಲ್ಲವರಿಗೂ ಮೇಲೆ ಹತ್ತುವುದು ಕಷ್ಟ. ಹೊಂಡದ ಸುತ್ತ ತಂತಿ ಬೇಲಿ ಹಾಕಲು ಅದೇ ಯೋಜನೆಯಲ್ಲಿ ಸಹಾಯಧನ ಇದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬೇಲಿಯ ಜೊತೆಗೆ ಒಂದು ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ಒಳಕ್ಕೆ ಇಳಿಬಿಡಿ, ಅದಕ್ಕೆ ನೂರಿನ್ನೂರು ರೂಪಾಯಿ ಸಾಕು.

ಇನ್ನೊಂದು ಮಾತು ಹೇಳಲು ಕಷ್ಟವಾದರೂ ಹೇಳಬೇಕು. 2023ರ ಡಿಸೆಂಬರ್‌ನಲ್ಲಿ ಹಾವೇರಿ ಜಿಲ್ಲೆಯಲ್ಲಿ ಕೆರೆಯಲ್ಲಿ ಮುಳುಗಿ ಸತ್ತ ಇಬ್ಬರು ಬಾಲಕರನ್ನು ಬದುಕಿ ಬರುತ್ತಾರೆಂದು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿದ್ದರು. ಸೋಷಿಯಲ್ ಮೀಡಿಯಾದಲ್ಲಿ ಹರಿದಾಡಿದ ಸುಳ್ಳು ಸಂದೇಶವನ್ನು ಆ ಹೆತ್ತವರು ನಂಬಿದ್ದರು. ಅವರನ್ನು ಹಳಿಯುವುದು ಬೇಡ, ಮಗನನ್ನು ಕಳೆದುಕೊಂಡವರು ಏನನ್ನಾದರೂ ನಂಬುತ್ತಾರೆ. ಸರಿಯಾದದ್ದನ್ನು ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ ಅನ್ನುವುದು ದೊಡ್ಡ ತಪ್ಪು. ಉಪ್ಪಿನಿಂದ ಯಾರೂ ಬದುಕುವುದಿಲ್ಲ. ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅಮುಕಿ ನೀರು ತೆಗೆಯುವುದು ಕೂಡ ತಪ್ಪು, ಹೊತ್ತು ಹಾಳಾಗುತ್ತದೆ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆಯ ನಡುವೆ ಗಟ್ಟಿಯಾಗಿ, ಬೇಗ ಬೇಗ ಒತ್ತುತ್ತಿರಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಇದನ್ನು ಕೈಯಲ್ಲಿ ಮಾಡಿ ಕಲಿಯಬೇಕು, ಓದಿ ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಊರಿಗೆ ಕರೆಸಿ ಒಂದು ಮಧ್ಯಾಹ್ನ ಹೇಳಿಸಿಕೊಳ್ಳಬಹುದು. ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ಆಗುವ ಕೆಲಸ.

ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗಡೆ ಸಾವು ತಡೆಯುವ ದಿನವೆಂದು ಘೋಷಿಸಿತು. ನಮ್ಮ ಶಾಲೆಗಳಲ್ಲಿ ವನಮಹೋತ್ಸವ, ಯೋಗ ದಿನ ಎಲ್ಲ ನಡೆಯುತ್ತವೆ, ಈ ದಿನದ ಹೆಸರೇ ಕೇಳಿಲ್ಲ. ಜಿಲ್ಲಾ ಕೇಂದ್ರದಲ್ಲಿ ಇರುವ ಈಜುಕೊಳಕ್ಕೆ ಹಳ್ಳಿಯ ಮಗು ಬಂದು ಕಲಿಯಲಾರದು. ತಾಲ್ಲೂಕಿಗೊಂದಾದರೂ ಆಳವಿಲ್ಲದ ಕಲಿಕೆಯ ಕೊಳ, ಒಬ್ಬ ಗಂಡು ಒಬ್ಬ ಹೆಣ್ಣು ತರಬೇತುದಾರರು ಬೇಕು ಎಂದು ನಮ್ಮ ಶಾಸಕರನ್ನು ಕೇಳುವುದು ದುಬಾರಿ ಬೇಡಿಕೆಯೇನಲ್ಲ.

ಈ ವರ್ಷ ನಿಮ್ಮ ಊರಿನಿಂದ ಗಾಡಿ ಹೊರಡುವುದಾದರೆ ಹಿಂದಿನ ದಿನ ಸಂಜೆ ಅರ್ಧ ಗಂಟೆ ಎಲ್ಲರೂ ಒಂದು ಕಡೆ ಕೂಡಿ. ಹೋಗಿ ಬಂದವರು ಯಾರಾದರೂ ಒಬ್ಬರು ಇರುತ್ತಾರೆ, ಅವರ ಬಾಯಲ್ಲೇ ಹೇಳಿಸಿ. ಬಟ್ಟೆ, ಒಡವೆ, ಬುತ್ತಿ, ಪಾಳಿ, ಇಷ್ಟನ್ನು ಮಾತಾಡಿ ಮುಗಿಸಿ. ಅಜ್ಜಿಯರನ್ನು ಮುಂದೆ ಕೂರಿಸಿ ಕೇಳಿ: ನೀರಿಗೆ ಇಳಿಯುತ್ತೀರಾ, ಇಲ್ಲವಾ? ಇಳಿಯುತ್ತೇವೆ ಅಂದವರಿಗೆ ಅವರ ಅಳತೆಯ ಉಡುಗೆ ಆ ದಿನವೇ ಗೊತ್ತು ಮಾಡಿ. ಇಲ್ಲ ಅಂದವರನ್ನು ಅವರ ದುಡ್ಡಿನಲ್ಲೇ ಬ್ಯಾಗು ಕಾಯಲು ಕರೆದೊಯ್ಯಬೇಡಿ.